ಹಳೆಯ ಮಾರುತಿ 800ಕ್ಕೆ ಯಾವ ಕ್ಲಚ್? ಘಾಟಿಯಲ್ಲಿ ಓಡಿಸಿ ನೋಡಿದ ಹೋಲಿಕೆ

ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತಿತು. ಮಲೆನಾಡಿನಲ್ಲಿ ಅದರ ಓಟ ಇನ್ನೂ ನಿಂತಿಲ್ಲ. ಕ್ಲಚ್ ಸವೆದಾಗ ಮೆಕ್ಯಾನಿಕ್ ಹೇಳುವ ದಾರಿಗಳು ಮೂರು: ಹಳೆಯ ಪ್ಲೇಟಿಗೇ ಹೊಸ ಲೈನಿಂಗ್ (ಉಜ್ಜಿ ಹಿಡಿಯುವ ಪದರ) ಹೊಡೆಸುವುದು, ವ್ಯಾಲಿಯೊ ಅಥವಾ ಲುಕ್‌ನಂಥ ಬಿಡಿಭಾಗ ತಯಾರಕರ ಕಿಟ್ ಕೊಳ್ಳುವುದು, ಇಲ್ಲವೇ ಮಾರುತಿಯದೇ ಜೆನ್ಯೂಯಿನ್ ಸೆಟ್ ಹಾಕಿಸುವುದು. ಮೂರನ್ನೂ ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಓಡಿಸಿ ನೋಡಿದ್ದೇನೆ. ಎದುರು ಬರುವ ಮಿನಿ ಬಸ್ಸಿಗೆ ದಾರಿ ಬಿಟ್ಟು, ಏರಿನಲ್ಲೇ ನಿಂತು, ಮತ್ತೆ ಮೊದಲ ಗೇರಿನಲ್ಲಿ ಹೊರಡುವಾಗ ಕ್ಲಚ್ಚಿನ ಬಂಡವಾಳ ಬಯಲಾಗುತ್ತದೆ.

ನಾನು ಕಾರು ಕೊಂಡಾಗ ಅದರಲ್ಲಿ ಇದ್ದದ್ದು ಲೈನಿಂಗ್ ಹೊಡೆಸಿದ ಪ್ಲೇಟು. ಸಮತಟ್ಟು ರಸ್ತೆಯಲ್ಲಿ ದೂರಲು ಏನೂ ಇರಲಿಲ್ಲ. ಏರಿನಲ್ಲಿ ಪೆಡಲ್ ಬಿಡುತ್ತಿದ್ದಂತೆ ಮಾತ್ರ ಇಡೀ ಕಾರು ಗಡಗಡ ನಡುಗುತ್ತಿತ್ತು. ಬಿಚ್ಚಿಸಿದಾಗ ಕಾರಣ ಕಂಡಿತು. ಎರಡು ಲೈನಿಂಗ್‌ಗಳ ನಡುವೆ ಅಲೆಯಂತೆ ಬಾಗಿದ ತೆಳು ಉಕ್ಕಿನ ಪಟ್ಟಿಗಳಿರುತ್ತವೆ. ಹಿಡಿತ ಒಮ್ಮೆಲೇ ಬೀಳದಂತೆ ನೋಡಿಕೊಳ್ಳುವುದು ಅವೇ. ಅವು ಚಪ್ಪಟೆಯಾಗಿದ್ದವು. ನಡುವಿನ ಸ್ಪ್ರಿಂಗ್‌ಗಳೂ ಸಡಿಲ. ಹೊಸದಾಗಿದ್ದದ್ದು ಮೈಮೇಲಿನ ಲೈನಿಂಗ್ ಮಾತ್ರ. ಅಗ್ಗ ಎನ್ನುವುದು ನಿಜ, ಆದರೆ ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿ ಯಾವ ಪ್ಲೇಟು ಹಾಕಿದರೂ ಒಂದೇ. ಪ್ಲೇಟಿನಲ್ಲಿ ಉಳಿಸಿದ್ದನ್ನು ಎರಡನೆಯ ಸಲದ ಕೂಲಿ ನುಂಗಿಬಿಡುತ್ತದೆ. ಬಿಡಿಭಾಗವೇ ಸಿಗದ ಕಾರಿಗೆ ಲೈನಿಂಗ್ ಅನಿವಾರ್ಯವಾಗಬಹುದು. 800ಕ್ಕೆ ಅಂಥ ಬಡತನ ಬಂದಿಲ್ಲ.

ಅದನ್ನು ತೆಗೆಸಿ ನಾನು ಹಾಕಿಸಿದ್ದು ವ್ಯಾಲಿಯೊ ಕಿಟ್. ಪ್ಲೇಟು, ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟು, ಪೆಡಲ್ ತುಳಿದಾಗ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಮೂರೂ ಹೊಸವು. ನಡುಕ ಹೋಯಿತು. ಹಿಡಿತ ಎಲ್ಲಿ ಶುರುವಾಗುತ್ತದೆ ಎಂಬುದು ಕಾಲಿಗೆ ಸ್ಪಷ್ಟವಾಗಿ ತಿಳಿಯತೊಡಗಿತು. ಹೊಸ ಕ್ಲಚ್ ಕೂರುವವರೆಗೆ ಘಾಟಿಯ ಕಡೆ ಹೋಗದೆ ಊರೊಳಗೇ ಹಗುರವಾಗಿ ಓಡಿಸಿದೆ, ಆಮೇಲೆ ಪೆಡಲಿನಿಂದ ಕ್ಲಚ್ಚಿಗೆ ಹೋಗುವ ಕೇಬಲ್ ಇನ್ನೊಮ್ಮೆ ಹೊಂದಿಸಲಾಯಿತು. ಮೂರನೆಯ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್ ಸದ್ದು ಹೆಚ್ಚಿ ವೇಗ ಹೆಚ್ಚದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ನಾಲ್ಕು ಜನ ಕುಳಿತಿದ್ದಾಗಲೂ ಅಂಥ ಲಕ್ಷಣ ಕಾಣಲಿಲ್ಲ.

ನಮ್ಮ ಭಾವನ 800ರಲ್ಲಿರುವುದು ಜೆನ್ಯೂಯಿನ್ ಸೆಟ್. ಪೆಡಲ್ ನನ್ನದಕ್ಕಿಂತ ಒಂದಿಷ್ಟು ಹಗುರ ಅನ್ನಿಸಿತು, ಆದರೆ ಅವರ ಕೇಬಲ್ಲೂ ಹೊಸದು. ಹಾಗಾಗಿ ಶ್ರೇಯಸ್ಸನ್ನೆಲ್ಲ ಸೆಟ್ಟಿಗೇ ಕೊಡಲಾರೆ. ಕಣ್ಣು ಕಟ್ಟಿ ಕೂರಿಸಿದರೆ ಯಾವುದು ಯಾವುದೆಂದು ನಾನು ಹೇಳಲಾರೆ. (ಭಾವ ಹೇಳುತ್ತಾರಂತೆ. ಹೆಚ್ಚು ಹಣ ಕೊಟ್ಟವರು ಅವರು.)

ಪೆಟ್ಟಿಗೆಯ ಮೇಲಿನ ಹೆಸರಿಗಿಂತ ಗೇರ್‌ಬಾಕ್ಸ್ ಇಳಿದಿರುವಾಗ ಮಾಡಿಸುವ ಸಣ್ಣ ಕೆಲಸಗಳ ತೂಕ ಹೆಚ್ಚು. ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಆಯಿಲ್ ಸೀಲ್ ಜಿನುಗುತ್ತಿದ್ದರೆ ಎಷ್ಟೇ ದುಬಾರಿ ಪ್ಲೇಟಾದರೂ ಎಣ್ಣೆ ಕುಡಿದು ಜಾರುತ್ತದೆ. ಪ್ಲೇಟು ಒತ್ತಿಕೊಳ್ಳುವ ಎಂಜಿನ್ ಕಡೆಯ ಚಕ್ರ, ಅಂದರೆ ಫ್ಲೈವೀಲ್ ಮೇಲೆ ನೀಲಿ ಕಲೆಗಳಿದ್ದರೆ ಅದು ಸುಟ್ಟ ಗುರುತು. ಲೇತ್‌ನಲ್ಲಿ ಸಮ ಮಾಡಿಸದೆ ಹೊಸ ಪ್ಲೇಟು ಕೂರಿಸಿದರೆ ನಡುಕ ಮರಳಿ ಬರಬಹುದು. ಒಳಗಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಲು ಬಿಡಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಕೇಡು.

ಇನ್ನೂ ಕೆಲವು ವರ್ಷ ಓಡಿಸುವವರಿಗೆ ಕಿಟ್ಟೇ ಸಾಕೆಂಬುದು ನನ್ನ ಎಣಿಕೆ. ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಹೆಸರಾಂತ ಪೆಟ್ಟಿಗೆಯೊಳಗೆ ನಕಲಿ ಮಾಲು ತುಂಬುವವರಿದ್ದಾರೆ. 800ರಲ್ಲಿ 4 ಗೇರಿನವೂ 5 ಗೇರಿನವೂ ಇವೆ. ಹಾಗಾಗಿ ಹಳೆಯ ಪ್ಲೇಟನ್ನೇ ಅಂಗಡಿಗೆ ಒಯ್ದು, ವ್ಯಾಸವೂ ನಡುವಿನ ಹಲ್ಲುಗಳ ಎಣಿಕೆಯೂ ತಾಳೆಯಾಗುತ್ತವೆಯೇ ನೋಡಿ ಹಣ ಕೊಡಿ.