ಎರಡು ವರ್ಷ ಬಳಸಿದ ಕ್ಲ್ಯಾಟ್ ಪಿಜಿ ಆನ್‌ಲೈನ್ ಕೋರ್ಸ್: ಪಾಠ ಚೆನ್ನಾಗಿದೆ, ಪೆನ್ನು ಮರೆತಿದ್ದಾರೆ

ಕ್ಲ್ಯಾಟ್ ಪಿಜಿ ಅಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಲ್ಲಿ ಎಲ್‌ಎಲ್‌ಎಂ ಸೇರಲು ಬರೆಯುವ ಪ್ರವೇಶ ಪರೀಕ್ಷೆ. ಅದಕ್ಕೆ 2024ರ ಜನವರಿಯಲ್ಲಿ ತಗೊಂಡ ಕೋರ್ಸು. 18,000 ರೂಪಾಯಿ, ಮೂರು ಕಂತು. ಆಗ ನಾನು ತುಮಕೂರಿನಲ್ಲಿ ಒಬ್ಬ ಸೀನಿಯರ್ ವಕೀಲರ ಹತ್ತಿರ ಜೂನಿಯರ್ ಆಗಿದ್ದೆ. ತಿಂಗಳಿಗೆ 8,000 ಕೊಡುತ್ತಿದ್ದರು, ಅದೂ ನೆನಪಿಸಿದರೆ. ಹಾಗಾಗಿ ಈ ದುಡ್ಡಿನ ಒಂದೊಂದು ರೂಪಾಯಿಗೂ ನಾನು ಲೆಕ್ಕ ಕೇಳುವವಳೇ. ಯಾವ ಕೋರ್ಸ್ ಅಂತ ಹೇಳುವುದಿಲ್ಲ. ಸೇರುವ ಮೊದಲು ನಾಲ್ಕು ಕಡೆ ಡೆಮೊ ನೋಡಿದ್ದೆ, ಮೂರು ಕಡೆ ಇದೇ ಕಥೆ.

ಮೊದಲು ಇಷ್ಟವಾದದ್ದು ಹೇಳಿಬಿಡುತ್ತೇನೆ. ದಿನಾ ಬೆಳಿಗ್ಗೆ 5:45ಕ್ಕೆ ಆಪ್‌ನಲ್ಲಿ ಒಂದು ಪ್ಯಾಸೇಜ್ ಬರುತ್ತಿತ್ತು. ಯಾವುದೋ ತೀರ್ಪಿನ ಒಂದೂವರೆ ಪುಟ, ಕೆಳಗೆ ಐದು ಪ್ರಶ್ನೆ. ಅಮ್ಮ ಹಾಲು ಕಾಯಿಸಿ ಡಿಕಾಕ್ಷನ್ ಇಳಿಸುವಷ್ಟರಲ್ಲಿ ಒಂದು ಸಲ ಓದಿ ಮುಗಿಸಬೇಕು ಅಂತ ನನಗೆ ನಾನೇ ನಿಯಮ ಮಾಡಿಕೊಂಡಿದ್ದೆ. ಕಾಫಿ ಕೈಗೆ ಬಂದ ಮೇಲೆ ಎರಡನೇ ಓದು, ಈ ಸಲ ಜೋರಾಗಿ. 'ನಾಟ್‌ವಿತ್‌ಸ್ಟ್ಯಾಂಡಿಂಗ್' ಬಂದಾಗೆಲ್ಲ ಅಮ್ಮ ಒಳಗಿಂದಲೇ "ಬಂತು ನಿನ್ನ ಸ್ಟ್ಯಾಂಡಿಂಗು" ಅನ್ನುತ್ತಿದ್ದರು. ಪರೀಕ್ಷೆಯೂ ಹೀಗೇ ಅಲ್ವಾ, ತೀರ್ಪು, ಕಾಯ್ದೆಗಳಿಂದ ಆರಿಸಿದ ಭಾಗ ಕೊಟ್ಟು ಪ್ರಶ್ನೆ ಕೇಳುತ್ತಾರೆ. ಎಲ್‌ಎಲ್‌ಬಿಯಲ್ಲಿ ನಾನು ತೀರ್ಪು ಓದಿದ್ದೇ ಕಮ್ಮಿ. ಗೈಡಿನಲ್ಲಿದ್ದ ನಾಲ್ಕು ಸಾಲು ಸಾಕಾಗುತ್ತಿತ್ತು. 2024ರ ಫೆಬ್ರವರಿ 15ಕ್ಕೆ ಚುನಾವಣಾ ಬಾಂಡ್ ತೀರ್ಪು ಬಂದಾಗ ಮೊದಲ ಸಲ ಒಂದು ತೀರ್ಪನ್ನು ಪೂರ್ತಿ ಓದಿದೆ. ಒಂಬತ್ತು ಬೆಳಿಗ್ಗೆ ಹಿಡಿಯಿತು.

ಸಂವಿಧಾನದ ಸರ್ ಬಗ್ಗೆ ಒಂದು ಮಾತು. ಉತ್ತರ ಭಾರತದವರು, ಮೂರು ವಾಕ್ಯಕ್ಕೊಮ್ಮೆ ಹಿಂದಿಗೆ ಜಾರುತ್ತಾರೆ. ಖಾಸಗಿತನದ ಹಕ್ಕಿನ ಕೇಸಿನ ಪುಟ್ಟಸ್ವಾಮಿ 'ಪುತ್ತಸ್ವಾಮಿ' ಆಗುತ್ತಾರೆ, ರಾಷ್ಟ್ರಪತಿ ಆಳ್ವಿಕೆ ಕೇಸಿನ ಬೊಮ್ಮಾಯಿ 'ಬೋಮೈ' ಆಗುತ್ತಾರೆ. ಈ ದೇಶದ ದೊಡ್ಡ ದೊಡ್ಡ ಕೇಸುಗಳಿಗೆ ನಮ್ಮವರ ಹೆಸರಿದೆ, ಕೇಳಿದಾಗ ಕಿವಿ ಚುಚ್ಚುತ್ತದೆ. ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಬದಲಿಸುವಂತಿಲ್ಲ ಅಂದ ಕೇಶವಾನಂದ ಭಾರತಿ ಕೇಸಿನ ಪಾಠದ ದಿನ ತಡೆಯಲಾಗದೆ ಒಂದು ಕಾಮೆಂಟ್ ಹಾಕಿದೆ: ಸ್ವಾಮೀಜಿ ಕಾಸರಗೋಡಿನ ಎಡನೀರು ಮಠದವರು, ಕೇರಳದ ಭೂ ಸುಧಾರಣೆ ಕಾಯ್ದೆಯಲ್ಲಿ ಮಠದ ಜಮೀನು ಹೋಗುತ್ತದೆ ಅಂತ ಕೋರ್ಟಿಗೆ ಹೋದವರು, ಬರೀ '13 ಜನ ಜಡ್ಜು, 7-6' ಅಂದರೆ ಹೇಗೆ ಅಂತ. ಮಾರನೇ ದಿನ ಆ ಮನುಷ್ಯ ಭೂಪಟದಲ್ಲಿ ಎಡನೀರು ತೋರಿಸಿಯೇ ಕ್ಲಾಸ್ ಶುರು ಮಾಡಿದರು. ಅವತ್ತಿನಿಂದ ಅವರ ಉಚ್ಚಾರಣೆ ಮಾಫಿ.

ಕೊರಿಯರ್‌ನಲ್ಲಿ ಬಂದ ಪುಸ್ತಕಗಳು ಮಾತ್ರ ದಂಡ. ಕ್ರಿಮಿನಲ್ ಲಾ ಪೂರ್ತಿ ಹಳೆ ಕಾಯ್ದೆಗಳಾದ ಐಪಿಸಿ, ಸಿಆರ್‌ಪಿಸಿ. 2024ರ ಜುಲೈ 1ಕ್ಕೆ ಹೊಸ ಕಾಯ್ದೆಗಳು ಜಾರಿಗೆ ಬಂದ ಮೇಲೆ ಒಂದು ಪಿಡಿಎಫ್ ಪಟ್ಟಿ ಕಳಿಸಿ ಕೈ ತೊಳೆದುಕೊಂಡರು. ಹಳೆ ಸೆಕ್ಷನ್ ಎಡಕ್ಕೆ, ಹೊಸದು ಬಲಕ್ಕೆ. ತಲೆ ಕೆಡುವುದು ಅದೇ ನಂಬರು ಬೇರೆ ಅರ್ಥದಲ್ಲಿ ಬಂದಾಗ. ಗಲಾಟೆ ಆದರೆ ನಾವು '144 ಹಾಕಿದ್ದಾರೆ' ಅನ್ನುತ್ತೇವಲ್ಲ, ಅದು ಈಗ ಸಿಆರ್‌ಪಿಸಿ ಬದಲು ಬಂದ ಬಿಎನ್‌ಎಸ್‌ಎಸ್‌ನಲ್ಲಿ 163. ಅಲ್ಲಿ 144 ಅಂದರೆ ಹೆಂಡತಿ ಮಕ್ಕಳ ಜೀವನಾಂಶ! ಕೊನೆಗೆ ಬಸ್ ಸ್ಟ್ಯಾಂಡ್ ಹತ್ತಿರ ಮೂರು ಹೊಸ ಬೇರ್ ಆಕ್ಟ್ (ಬರೀ ಕಾಯ್ದೆಯ ಪಠ್ಯ ಇರುವ ಪುಸ್ತಕ) ನಾನೇ ತಗೊಂಡೆ.

ಇಷ್ಟಕ್ಕೇ ನಿಂತಿದ್ದರೆ ನಾಲ್ಕು ಸ್ಟಾರ್ ಕೊಟ್ಟು ಸುಮ್ನಾಗುತ್ತಿದ್ದೆ.

ವಿಷಯ ಇದು. ಈ ಪರೀಕ್ಷೆ ನಡೆಯುವುದು ಕಾಗದದ ಮೇಲೆ. 120 ಪ್ರಶ್ನೆ, 120 ನಿಮಿಷ, ಬಾಲ್ ಪೆನ್ನಿನಲ್ಲಿ ಓಎಂಆರ್ ಶೀಟ್, ಅಂದರೆ ಉತ್ತರದ ಸೊನ್ನೆಗೆ ಶಾಯಿ ತುಂಬುವ ಹಾಳೆ, ತುಂಬಬೇಕು. ಕೋರ್ಸಿನ ಮಾಕ್ ಟೆಸ್ಟ್‌ಗಳೆಲ್ಲ ಮೊಬೈಲಿನಲ್ಲಿ. ಹೆಬ್ಬೆರಳಿನಲ್ಲಿ ಒತ್ತಿದರೆ ಉತ್ತರ ಆಯಿತು, ಬೇಡ ಅನ್ನಿಸಿದರೆ ಇನ್ನೊಂದು ಒತ್ತಿದರಾಯಿತು. ನಲವತ್ತು ಮಾಕ್ ಬರೆದಿದ್ದೆ. ಕೊನೆಯ ಹತ್ತರಲ್ಲಿ ಟೈಮ್ ಉಳಿಯುತ್ತಿತ್ತು. ಆಪ್ ನನಗೆ ಒಂದು ಬಂಗಾರದ ಬ್ಯಾಡ್ಜ್ ಬೇರೆ ಕೊಟ್ಟಿತ್ತು.

2024ರ ಡಿಸೆಂಬರ್ 1, ಭಾನುವಾರ, ಬೆಂಗಳೂರು. ಮಧ್ಯಾಹ್ನ 2ಕ್ಕೆ ಶುರು. ಮೊಬೈಲಿನ ಅಭ್ಯಾಸ ನೋಡಿ, ಪ್ರಶ್ನೆಪತ್ರಿಕೆಯಲ್ಲೇ ಟಿಕ್ ಹಾಕುತ್ತಾ ಹೋದೆ, ಶೀಟ್ ಆಮೇಲೆ ತುಂಬೋಣ ಅಂತ. ಗಡಿಯಾರ ನೋಡಿದರೆ 3:38. ಶೀಟಿನಲ್ಲಿ ತುಂಬಿದ್ದು ಮೊದಲ ಇಪ್ಪತ್ತೇ ಸೊನ್ನೆ. ಒಂದು ಸೊನ್ನೆ ನೀಟಾಗಿ ತುಂಬಲು ಆರು ಸೆಕೆಂಡ್ ಬೇಕು. ಮನೆಗೆ ಬಂದ ಮೇಲೆ ಅಳೆದೆ ಬಿಡಿ. 120ಕ್ಕೆ ಹನ್ನೆರಡು ನಿಮಿಷ. ಕೈ ನಡುಗುತ್ತಿದ್ದರೆ ಇನ್ನೂ ಜಾಸ್ತಿ. 67ನೇ ಪ್ರಶ್ನೆಯನ್ನು ಆಮೇಲೆ ನೋಡೋಣ ಅಂತ ಬಿಟ್ಟಿದ್ದೆ. ಅವಸರದಲ್ಲಿ 68ರ ಉತ್ತರವನ್ನು 67ರ ಸಾಲಿಗೆ ತುಂಬಿದೆ. 69ರದ್ದು 68ಕ್ಕೆ. ಹೀಗೇ ಹೋಗಿ 81ರ ಉತ್ತರ 80ರ ಸಾಲಿನಲ್ಲಿ ಕೂತಾಗ ಹೊಳೆಯಿತು. ಬಾಲ್ ಪೆನ್ನು, ಅಳಿಸುವ ಹಾಗಿಲ್ಲ. ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು.

ಹದಿನಾಲ್ಕು ಸಾಲು. ಕೀ ಉತ್ತರ ಬಂದ ಮೇಲೆ ಕೂತು ತಾಳೆ ನೋಡಿದೆ. ಅದೃಷ್ಟಕ್ಕೆ ಮೂರು ಸರಿ ಬಿದ್ದಿದ್ದವು. ಹನ್ನೊಂದು ತಪ್ಪು, ಒಂದೊಂದಕ್ಕೆ ಕಾಲು ಅಂಕ ಕಡಿತ, ಒಟ್ಟು 2.75. ಅದಕ್ಕಿಂತ ಉರಿದದ್ದು, ಟಿಕ್ ಹಾಕಿದ್ದ ಉತ್ತರಗಳಲ್ಲಿ ಹತ್ತು ಸರಿಯಿದ್ದವು.

ತಪ್ಪು ನನ್ನದೇ, ಒಪ್ಪಿದೆ. ಸಿಇಟಿಯಲ್ಲಿ ಓಎಂಆರ್ ತುಂಬಿದವಳೇ ನಾನು. ಆದರೆ ಅದು ಯಾವ ಕಾಲ! ನಡುವೆ ಲಾ ಕಾಲೇಜಿನಲ್ಲಿ ಬರೀ ಪುಟಗಟ್ಟಲೆ ಬರೆದದ್ದು. 18,000 ತಗೊಂಡವರು 'ಒಂದು ಸಲವಾದರೂ ಶೀಟ್ ಮೇಲೆ ಬರೆಯಿರಿ' ಅಂತ ಹೇಳಬೇಡವಾ? ಮೇಲ್ ಹಾಕಿದೆ. 'ನಿಮ್ಮ ಸಲಹೆಗೆ ಧನ್ಯವಾದ' ಅಂತ ಉತ್ತರ ಬಂತು, ಕೆಳಗೆ ರಿನ್ಯೂವಲ್ ಆಫರ್. 6,000 ರೂಪಾಯಿ.

ನಾಚಿಕೆ ಬಿಟ್ಟು ಹೇಳುತ್ತೇನೆ, ರಿನ್ಯೂ ಮಾಡಿದೆ. ಬೆಳಗಿನ ಪ್ಯಾಸೇಜ್ ಇಲ್ಲದೆ ಡಿಸೆಂಬರ್ ಪೂರ್ತಿ ಕಾಫಿಯೇ ರುಚಿಸಿರಲಿಲ್ಲ. ಆದರೆ ಅದೇ ವಾರ ಕೋರ್ಟ್ ಎದುರಿನ ಜೆರಾಕ್ಸ್ ಅಂಗಡಿಗೆ ಹೋಗಿ ಒಂದು ಓಎಂಆರ್ ನಮೂನೆ ಕೊಟ್ಟು ನೂರು ಕಾಪಿ ತೆಗೆಸಿದೆ.

"ಇಷ್ಟೊಂದು ಸೊನ್ನೆ ಯಾಕೆ ಲಾಯರ್ ಮೇಡಂ?" ಅಂದರು ಅಂಗಡಿಯ ಅಣ್ಣ.

"ಹೋದ ವರ್ಷ ತುಂಬಿದ್ದು ಸಾಲಲಿಲ್ಲ ಅಣ್ಣ."

ಭಾನುವಾರ ಮಧ್ಯಾಹ್ನ 2ರಿಂದ 4, ಊಟ ಆದ ತಕ್ಷಣ, ನಿದ್ದೆ ಎಳೆಯುವ ಹೊತ್ತಿನಲ್ಲೇ ಕೂರುತ್ತಿದ್ದೆ. ಆಪ್‌ನ ಪ್ರಶ್ನೆಗಳನ್ನು ಪ್ರಿಂಟ್ ತೆಗೆದು, ಒಂದು ಪ್ಯಾಸೇಜ್ ಮುಗಿದ ಕೂಡಲೇ ಆ ಪ್ರಶ್ನೆಗಳ ಸೊನ್ನೆ ತುಂಬುವುದು. ಬಿಟ್ಟ ಪ್ರಶ್ನೆಯ ಸಾಲಿನ ಪಕ್ಕ ಪತ್ರಿಕೆಯಲ್ಲಿ ದೊಡ್ಡದಾಗಿ ಕೊಕ್ಕೆ. ತುದಿ ಸ್ವಲ್ಪ ಸವೆದ ಪೆನ್ನು ಬೇಗ ತುಂಬುತ್ತದೆ, ಹೊಸ ಪೆನ್ನು ಜಾರುತ್ತದೆ. ಇದನ್ನು ಯಾವ ವಿಡಿಯೋದಲ್ಲೂ ಯಾರೂ ಹೇಳಿಲ್ಲ, ಬರೆದಿಟ್ಟುಕೊಳ್ಳಿ.

2025ರ ಡಿಸೆಂಬರ್ 7ರಂದು 3:51ಕ್ಕೆ ನನ್ನ ಕೊನೆಯ ಸೊನ್ನೆ ತುಂಬಿತ್ತು. ರ್‍ಯಾಂಕ್ ಬೆಂಗಳೂರಿನ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿಗೆ ಸಾಲುವಷ್ಟು ಬರಲಿಲ್ಲ, ಬೇರೆ ಕಡೆಗೆ ಸಾಕು.

ಕೋರ್ಸ್ ತಗೋಬಹುದಾ? ಕೆಲಸ ಮಾಡಿಕೊಂಡು ಓದುವವರಾದರೆ ತಗೊಳ್ಳಿ, ಆದರೆ ಪುಸ್ತಕ ಇಲ್ಲದ ಕಡಿಮೆ ರೇಟಿನದ್ದು. ಅರ್ಜಿಗೇ 2025ರಲ್ಲಿ ನಾನು 4,000 ಕಟ್ಟಿದ್ದೆ, ಅದನ್ನೂ ಸೇರಿಸಿ ಲೆಕ್ಕ ಹಾಕಿ. ಐದಕ್ಕೆ ಮೂರು ಸ್ಟಾರ್, ಅದರಲ್ಲಿ ಎರಡು ಬೆಳಗಿನ ಪ್ಯಾಸೇಜಿಗೆ. ನನ್ನ ಹತ್ತಿರ ಇನ್ನೂ 38 ಖಾಲಿ ಓಎಂಆರ್ ಶೀಟ್ ಉಳಿದಿವೆ. ತುಮಕೂರಿನವರು ಯಾರಿಗಾದರೂ ಬೇಕಿದ್ದರೆ ಕೇಳಿ, ಜೆರಾಕ್ಸ್ ಅಂಗಡಿಯಲ್ಲಿ ಕೊಟ್ಟಿರುತ್ತೇನೆ.