ಬಂಡೆ ಹತ್ತಲು ದುಡ್ಡು ಕಟ್ಟೋ ಮುಂಚೆ ಓದಿ: ಆ ‘ರಕ್ಷಣಾ ಶುಲ್ಕ’ ಯಾರ ಜೇಬಿಗೆ ಹೋಗ್ತಿದೆ?

ಬಿಲ್ಲಿನಲ್ಲಿ ‘ರಕ್ಷಣಾ ವ್ಯವಸ್ಥೆ ಶುಲ್ಕ’ ಅಂತ ಒಂದು ಸಾಲು ಕಂಡರೆ ಅಲ್ಲೇ ನಿಲ್ಲಿ. ದುಡ್ಡು ಕಟ್ಟಬೇಡಿ. ಆ ರಕ್ಷಣೆ ಮಾಡೋರು ಯಾರು, ಎಲ್ಲಿರ್ತಾರೆ, ಅವರಿಗೂ ನಿಮಗೂ ಏನು ಸಂಬಂಧ ಅಂತ ಮೊದಲು ಕೇಳಿ. ನಾನು ಕಟ್ಟಿದೆ. ಬಿದ್ದೆ. ನನ್ನನ್ನು ಹೊತ್ತು ತಂದವರು ಆ ಶುಲ್ಕದಲ್ಲಿ ಒಂದು ಬಿಡಿಗಾಸೂ ಕಂಡವರಲ್ಲ. ಅವರು ತಮ್ಮ ತಮ್ಮ ಕೆಲಸ ಬಿಟ್ಟು ಓಡಿ ಬಂದ ಸ್ವಯಂಸೇವಕರು. ಈಗ ಅದೇ ಕಂಪನಿ ಅವರ ಫೋಟೊ ಹಾಕಿ ‘ನಮ್ಮ ರಕ್ಷಣಾ ತಂಡ’ ಅಂತ ಜಾಹೀರಾತು ಮಾಡಿಕೊಂಡಿದೆ. ಆ ಫೋಟೊದಲ್ಲಿ ಸ್ಟ್ರೆಚರ್ ಮೇಲೆ ಮಲಗಿರೋದು ನಾನು!

ಕಂಪನಿ ಹೆಸರು ಬರೆಯಲ್ಲ. ವಕೀಲರು ಸದ್ಯಕ್ಕೆ ಬೇಡ ಅಂದಿದ್ದಾರೆ. ಹೊಟ್ಟೆ ಉರೀತಿದೆ, ಆದರೂ ಬರೆಯಲ್ಲ.

ಬುಕಿಂಗ್ ಹೇಗೆ ನಡೆಯುತ್ತೆ ಅಂತ ನಿಮಗೇ ಗೊತ್ತು. ಮುಂಗಡ ಕಳಿಸು, ತೂಕ ಎತ್ತರ ಹೇಳು, ಬೆಳಿಗ್ಗೆ ಬಂದ ತಕ್ಷಣ ಒಂದು ಕಾಗದಕ್ಕೆ ಸಹಿ ಹಾಕು. ಅದನ್ನು ಓದೋಕೆ ಟೈಮ್ ಕೊಡೋ ಒಬ್ಬ ಗೈಡನ್ನೂ ನಾನಿನ್ನೂ ನೋಡಿಲ್ಲ. ಇವರದ್ದೂ ಅಷ್ಟೇ. ಒಂದೇ ವ್ಯತ್ಯಾಸ ಅಂದ್ರೆ ಆ ಶುಲ್ಕ. ಫೋನಲ್ಲೇ ಕೇಳಿದ್ದೆ, ಇದೇನು ಅಂತ. ‘ಮೇಡಂ, ಬೇರೆಯವರ ಹತ್ರ ಇದಿಲ್ಲ. ನಮ್ಮದು ಟ್ರೇನಿಂಗ್ ಆಗಿರೋ ಟೀಮು, ಯಾವಾಗಲೂ ರೆಡಿ ಇರುತ್ತೆ’ ಅಂದಿದ್ದರು. ಮನೆಯಲ್ಲಿ ಅಮ್ಮ ಬೇಡ ಅಂದಾಗ ನಾನು ಇದೇ ಮಾತನ್ನು ಎದೆ ಉಬ್ಬಿಸಿ ಹೇಳಿ ಹೊರಟಿದ್ದು. ಈಗ ನೆನೆಸಿಕೊಂಡರೆ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸುತ್ತೆ.

ಹತ್ತೋದು ಸಲೀಸಾಗಿ ಆಯಿತು. ಅದರ ಬಗ್ಗೆ ಹೇಳೋಕೆ ಏನೂ ಇಲ್ಲ. ಆಗಿದ್ದೆಲ್ಲ ಇಳಿಯುವಾಗ.

ಗೊತ್ತಿಲ್ಲದವರಿಗೆ: ಮೇಲಿಂದ ರಾಪೆಲ್ ಮಾಡುವಾಗ, ಅಂದ್ರೆ ಹಗ್ಗದ ಮೇಲೆ ಇಳಿಯುವಾಗ, ಹಗ್ಗವನ್ನು ಬಂಡೆಗೆ ಬಡಿದಿರೋ ಆಂಕರ್ ಬಳೆಯಲ್ಲಿ ತೂರಿಸಿ, ನಡುಮಧ್ಯ ಬಳೆಯಲ್ಲಿ ಬರೋ ಹಾಗೆ ಮಾಡಿ, ಎರಡೂ ಎಳೆಗಳನ್ನು ಕೆಳಕ್ಕೆ ಬಿಡ್ತಾರೆ. ನಾವು ಎರಡೂ ಎಳೆಗಳ ಮೇಲೆ ಭಾರ ಬಿಟ್ಟು ಇಳೀತೀವಿ. ಆಮೇಲೆ ಒಂದು ತುದಿ ಎಳೆದರೆ ಹಗ್ಗ ಪೂರ್ತಿ ಕೆಳಗೆ ಬರುತ್ತೆ. ನಡುಮಧ್ಯ ಗೊತ್ತಾಗಲಿ ಅಂತ ಹಗ್ಗದ ಮೇಲೆ ಕಪ್ಪು ಗುರುತು ಇರುತ್ತೆ. ಒಂದು ಎಳೆ ಚಿಕ್ಕದಾಗಿ, ಅದರ ತುದಿ ನಮ್ಮ ಸೊಂಟದ ಪಟ್ಟಿಗೆ ಸಿಕ್ಕಿಸಿರೋ ಇಳಿಯೋ ಸಾಧನದಿಂದ ಜಾರಿಹೋಯಿತು ಅಂದ್ರೆ ಕಥೆ ಮುಗೀತು. ನಮ್ಮ ಭಾರಕ್ಕೆ ಹಗ್ಗ ಬಳೆಯಿಂದ ಸರ್ರನೆ ಓಡುತ್ತೆ, ಹಿಡಿದುಕೊಳ್ಳೋಕೆ ಏನೂ ಉಳಿಯಲ್ಲ. ಅದಕ್ಕೇ ಎರಡೂ ತುದಿಗೆ ದಪ್ಪ ಗಂಟು ಹಾಕೋದು. ಗಂಟು ಸಾಧನಕ್ಕೆ ಸಿಕ್ಕಿಕೊಂಡು ನಿಲ್ಲುತ್ತೆ, ಮನುಷ್ಯ ಬದುಕ್ತಾನೆ. ಇಷ್ಟೇ ವಿಷಯ. ಒಂದು ಗಂಟು!

ಮೇಲಿಂದ ನೋಡಿದರೆ ನಡುವೆ ಬಂಡೆ ಉಬ್ಬಿತ್ತು, ಕೆಳಗಿನ ನೆಲ ಕಾಣ್ತಿರಲಿಲ್ಲ. ನಾನು ಕೇಳಿದೆ. ನಾನು ಕೇಳಿದೆ ಅನ್ನೋದನ್ನ ದಯವಿಟ್ಟು ನೆನಪಿಟ್ಟುಕೊಳ್ಳಿ, ಯಾಕಂದ್ರೆ ಆಮೇಲೆ ಅವರು ‘ಕಸ್ಟಮರ್ ಏನನ್ನೂ ಕೇಳಲಿಲ್ಲ’ ಅಂತ ಬರೆದುಕೊಟ್ಟಿದ್ದಾರೆ.

‘ಎರಡೂ ತುದಿ ನೆಲ ಮುಟ್ಟಿದೆಯಾ?’
‘ಮುಟ್ಟಿದೆ ಮೇಡಂ, ಹೋಗಿ.’
‘ತುದಿಗೆ ಗಂಟು ಹಾಕಿದ್ದೀರಾ?’
‘ಗಂಟು ಹಾಕಿದ್ರೆ ಎಳೆಯುವಾಗ ಪೊದೆಗೆ ಸಿಕ್ಕಿಕೊಳ್ಳುತ್ತೆ. ಭಯ ಸಹಜ ಮೇಡಂ, ಕೆಳಗೆ ನೋಡಬೇಡಿ. ಹಿಂದೆ ಜನ ಕಾಯ್ತಿದ್ದಾರೆ.’

ಹಿಂದೆ ನಿಂತವರು ನಕ್ಕರು. ಆ ನಗು ಇನ್ನೂ ಕಿವಿಯಲ್ಲಿದೆ. ಭಯಕ್ಕೆ ಕೇಳಿದ್ದಲ್ಲ ರೀ, ಲೆಕ್ಕಕ್ಕೆ ಕೇಳಿದ್ದು!

ಉಬ್ಬು ದಾಟಿ ಕೆಳಗೆ ಬಂದ ಮೇಲೆ ಬಲಗೈಯಲ್ಲಿದ್ದ ಹಗ್ಗ ಇದ್ದಕ್ಕಿದ್ದ ಹಾಗೆ ಸಪೂರ ಆಯ್ತು. ಎರಡು ಎಳೆ ಇದ್ದದ್ದು ಒಂದೇ ಆಯ್ತು. ಅದು ತಲೆಗೆ ಹೋಗೋಷ್ಟರಲ್ಲಿ ಮೇಲಿಂದ ಹಗ್ಗ ಓಡೋ ಸದ್ದು ಕೇಳಿಸ್ತು. ಮುಂದಿನದ್ದು ಕಲ್ಲು.

ಕಾಲೂರಿ ಬಿದ್ದು, ಅಲ್ಲಿಂದ ಹಿಂದಕ್ಕೆ ಉರುಳಿದೆ. ಹೆಲ್ಮೆಟ್ ಹಿಂಭಾಗದಲ್ಲಿ ಸೀಳು ಬಿಟ್ಟಿತ್ತು. ಅದು ತಲೆ ಆಗಿರಬಹುದಿತ್ತು ಅಂತ ಆಮೇಲೆ ಹೇಳಿದರು. (ಹೆಲ್ಮೆಟ್ ನನ್ನದೇ. ಅವರು ಕೊಟ್ಟದ್ದರ ಪಟ್ಟಿ ಬಿಗಿ ಮಾಡೋಕೇ ಆಗ್ತಿರಲಿಲ್ಲ.)

ಈಗ ಕೇಳಿ ಇವರ ‘ಯಾವಾಗಲೂ ರೆಡಿ ಇರೋ ಟೀಮಿನ’ ಕಥೆ. ಕೆಳಗಿದ್ದ ಹುಡುಗ ಓಡಿ ಬಂದ. ಬಂದವನೇ ಕಂಕುಳಿಗೆ ಕೈ ಹಾಕಿ ಎಳೆಯೋಕೆ ಶುರು ಮಾಡಿದ. ‘ಏಳಿ ಮೇಡಂ, ನಡೆದುಬಿಡಿ, ಗಾಡಿ ಹತ್ರಾನೇ ಇದೆ.’ ಪಾದ ಯಾವ ಕಡೆ ತಿರುಗಿದೆ ಅಂತಾನೂ ನೋಡಲಿಲ್ಲ. ಪಕ್ಕದ ಗೋಡೆಯಲ್ಲಿ ತಮ್ಮ ಪಾಡಿಗೆ ಹತ್ತುತ್ತಿದ್ದ ಇಬ್ಬರು ಓಡಿ ಬಂದು ಅವನ ಕೈ ಬಿಡಿಸಿದರು. ‘ಬೆನ್ನುಮೂಳೆಗೆ ಏಟಾಗಿರಬಹುದು, ಮುಟ್ಟಬೇಡ’ ಅಂತ ಗದರಿದರು. ನಿಮ್ಮ ರಕ್ಷಣಾ ತಂಡ ಎಲ್ಲಿ ಅಂತ ಕೇಳಿದ್ದಕ್ಕೆ ಅವನು ಮೇಲೆ ನೋಡಿದ, ಮೇಲಿದ್ದ ಗೈಡು ಫೋನು ನೋಡಿದ. ಸಿಗ್ನಲ್ ಇರಲಿಲ್ಲ. ವಾಕಿ ಟಾಕಿ ಇಲ್ಲ, ಸ್ಟ್ರೆಚರ್ ಇಲ್ಲ. ಪ್ರಥಮ ಚಿಕಿತ್ಸೆ ಡಬ್ಬದಲ್ಲಿ ಬ್ಯಾಂಡೇಜು, ತಲೆನೋವಿನ ಮಾತ್ರೆ ಬಿಟ್ಟರೆ ಬೇರೇನೂ ಇರಲಿಲ್ಲ.

ಆ ಇಬ್ಬರಲ್ಲಿ ಒಬ್ಬಾಕೆ ಸೀಟಿ ತೆಗೆದಳು. ನಿಮಿಷಕ್ಕೆ 6 ಸಲ ಊದೋದು, ಒಂದು ನಿಮಿಷ ಸುಮ್ಮನಿರೋದು, ಮತ್ತೆ 6. ಬೆಟ್ಟಗಳಲ್ಲಿ ಬಹಳ ಕಡೆ ಇದೇ ಅಪಾಯದ ಸಂಕೇತ. ದೂರದಿಂದ ನಿಮಿಷಕ್ಕೆ 3 ಸೀಟಿ ಮರುದನಿ ಬಂತು, ಅಂದ್ರೆ ‘ಕೇಳಿಸಿತು’ ಅಂತ. ಸಿಗ್ನಲ್ ಇರೋ ಜಾಗದಲ್ಲಿ ಇದ್ದವರು ಯಾರೋ ಸ್ವಯಂಸೇವಾ ತಂಡಕ್ಕೆ ಫೋನು ಮಾಡಿದರು. ಅವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಕಂಪನಿ ಮಾಡಲಿಲ್ಲ. ಇದನ್ನೂ ನೆನಪಿಟ್ಟುಕೊಳ್ಳಿ.

ಸ್ವಯಂಸೇವಕರ ಬಗ್ಗೆ ಎಷ್ಟು ಬರೆದರೂ ಕಡಿಮೆ. ಬಂದ ತಕ್ಷಣ ಯಾರೂ ಮೈ ಮುಟ್ಟಲಿಲ್ಲ. ಒಬ್ಬರು ತಲೆ ಹತ್ರ ಮಂಡಿಯೂರಿ, ‘ನಾನು ನಿಮ್ಮ ತಲೆ ಹಿಡ್ಕೋತೀನಿ, ನೀವು ಯಾರು ಕರೆದರೂ ತಿರುಗಬೇಡಿ’ ಅಂದರು. ಆಮೇಲೆ ಎರಡೂ ಮೊಣಕೈ ನೆಲಕ್ಕೆ ಊರಿ, ನನ್ನ ಕಿವಿಗಳ ಪಕ್ಕ ಅಂಗೈ ಇಟ್ಟು ಹಾಗೇ ಇದ್ದುಬಿಟ್ಟರು. ಕಲ್ಲುಪುಡಿ ಮೇಲೆ ಮೊಣಕೈ! ಒಂದು ಸಲಾನೂ ಅಲುಗಾಡಲಿಲ್ಲ. ಇನ್ನೊಬ್ಬರು ಕಾಲ್ಬೆರಳು ಒಂದೊಂದೇ ಮುಟ್ಟಿ, ಯಾವುದು ಅಂತ ಕೇಳ್ತಾ ಹೋದರು. ಕ್ಲೈಂಬಿಂಗ್ ಶೂ ಕತ್ತರಿಸೋ ಮುಂಚೆ ‘ಕ್ಷಮಿಸಿ, ಹೊಸದು ಥರ ಇದೆ’ ಅಂದರು. ನನಗೆ ಅಳು ಬಂದದ್ದು ಆಗ, ನೋವಿಗಲ್ಲ. ದುಡ್ಡು ತಗೊಂಡವನು ಕ್ಷಮಿಸಿ ಅನ್ನಲಿಲ್ಲ, ಪುಕ್ಕಟೆ ಬಂದವರು ನನ್ನ ಶೂಗೆ ಕ್ಷಮೆ ಕೇಳ್ತಿದ್ದಾರೆ.

ಒಳಗೆ ಸಣ್ಣ ಮಣಿ ತುಂಬಿರೋ ಒಂದು ಹಾಸಿಗೆ ತಂದಿದ್ದರು. ಅದರ ಮೇಲೆ ಮಲಗಿಸಿ ಪಂಪಿನಿಂದ ಗಾಳಿ ಎಳೆದರೆ ಮೈ ಯಾವ ಆಕಾರದಲ್ಲಿದೆಯೋ ಹಾಗೇ ಗಟ್ಟಿ ಆಗಿಬಿಡುತ್ತೆ, ಬೆನ್ನು ಅಲುಗಲ್ಲ. ಸ್ಟ್ರೆಚರನ್ನು ಕಡಿದಾದ ಕಡೆ ಹಗ್ಗ ಕಟ್ಟಿ ಇಳಿಸಿದರು, ಉಳಿದ ದಾರಿ ಹೆಗಲು ಬದಲಾಯಿಸ್ತಾ ಹೊತ್ತರು. ಬಿಸಿಲು ಹೋಗಿ ಕತ್ತಲಾಯ್ತು, ತಲೆಗೆ ಟಾರ್ಚ್ ಕಟ್ಟಿಕೊಂಡರು. ಒಬ್ಬರು ರಾತ್ರಿ ಪಾಳಿ ಮುಗಿಸಿ ಮಲಗಿದ್ದವರು ಎದ್ದು ಬಂದಿದ್ದರಂತೆ. ಮಲಗಿದ್ದಲ್ಲಿಂದ ನನಗೆ ಕಾಣ್ತಿದ್ದದ್ದು ಅವರ ಹಗ್ಗ ಮಾತ್ರ. ಪ್ರತಿ ಹಗ್ಗದ ತುದಿಯಲ್ಲೂ ಗಂಟು. ಪೊದೆ ಇದ್ದ ಕಡೆಯೂ ಗಂಟು.

ಹೊರಡೋ ಮುಂಚೆ ಅವರಲ್ಲೊಬ್ಬರು ಕಂಪನಿ ಹಗ್ಗ ಎತ್ತಿ ನೋಡಿದ್ದರು. ಒಂದು ತುದಿಯಲ್ಲಿ ತಯಾರಕರ ಪಟ್ಟಿ ನೆಟ್ಟಗಿತ್ತು: ಉದ್ದ 60 ಮೀಟರ್, ಇಎನ್ 892, ಯುಐಎಎ ಗುರುತು (ಎರಡೂ ಹತ್ತೋ ಹಗ್ಗದ ಗುಣಮಟ್ಟದ ಗುರುತು), ಎಲ್ಲಾ ಸರಿ. ಇನ್ನೊಂದು ತುದಿ ಚಾಕುವಿನಿಂದ ಕೊಯ್ದು ಲೈಟರಿನಲ್ಲಿ ಸುಟ್ಟ ಕಪ್ಪು ಮುದ್ದೆ. ಸವೆದ ಭಾಗ ಕತ್ತರಿಸಿ ಬಿಸಾಕಿದ್ದಾರೆ. ಕತ್ತರಿಸೋದು ತಪ್ಪಲ್ಲ, ಎಲ್ಲರೂ ಮಾಡ್ತಾರೆ. ಆದರೆ 60 ಮೀಟರಿನ ಹಗ್ಗದಲ್ಲಿ ಒಂದೇ ತುದಿಯಿಂದ 6 ಮೀಟರ್ ತೆಗೆದರೆ ಕಪ್ಪು ಗುರುತಿನ ಒಂದು ಕಡೆ 30, ಇನ್ನೊಂದು ಕಡೆ 24 ಉಳಿಯುತ್ತೆ. ಗುರುತನ್ನು ಮತ್ತೆ ನಡುಮಧ್ಯಕ್ಕೆ ಹಾಕಬೇಕು, ಉದ್ದ ಮತ್ತೆ ಅಳೆದು ಬರೆದಿಡಬೇಕು. ಅದೂ ಅಲ್ಲದೆ ನೆನೆದು ಒಣಗಿದ ಹಗ್ಗ ತಾನಾಗೇ ಕುಗ್ಗುತ್ತೆ. ಇವರು ಗುರುತು ಬದಲಾಯಿಸಲಿಲ್ಲ, ಅಳೆಯಲಿಲ್ಲ, ಗಂಟೂ ಹಾಕಲಿಲ್ಲ. ಮೇಲಿಂದ ‘ಮುಟ್ಟಿದೆ ಮೇಡಂ’ ಅಂದರು.

ಹಿಮ್ಮಡಿ ಮೂಳೆ ಪುಡಿ. ಹಿಮ್ಮಡಿ ಮೇಲೆ ಬಿದ್ದವರ ಬೆನ್ನನ್ನೂ ನೋಡಲೇಬೇಕು ಅಂತ ಡಾಕ್ಟರು ಸ್ಕ್ಯಾನ್ ಮಾಡಿಸಿದಾಗ ಬೆನ್ನುಮೂಳೆಯ ಒಂದು ಮಣಿ ಕುಸಿದಿರೋದು ಗೊತ್ತಾಯ್ತು. ಆ ಹುಡುಗ ಎಳೆದು ನಿಲ್ಲಿಸಿದ್ದರೆ ಏನಾಗ್ತಿತ್ತು ಅಂತ ಕೇಳಿದೆ. ಡಾಕ್ಟರು ಉತ್ತರ ಕೊಡಲಿಲ್ಲ.

ಈಗ ಕಂಪನಿಯ ಉತ್ತರಗಳು. ಇದನ್ನ ಓದಲೇಬೇಕು ನೀವು.

ಮೊದಲು: ‘ಬೇಗ ಗುಣವಾಗಲಿ ಮೇಡಂ, ಸಾಹಸ ಅಂದ್ಮೇಲೆ ಇದೆಲ್ಲ ಇದ್ದದ್ದೇ.’ ಹಗ್ಗದ ತುದಿಯ ಫೋಟೊ ಕಳಿಸಿದೆ. ಆಗ: ‘ನೀವು ಸಹಿ ಹಾಕಿದ್ದೀರಿ.’ ಸಹಿ ಹಾಕಿದ್ದು ಬಂಡೆಯ ಅಪಾಯಕ್ಕೆ, ನಿಮ್ಮ ಚಾಕುವಿಗಲ್ಲ ಅಂದೆ. ‘ನೀವು ಬುಕಿಂಗ್‌ನಲ್ಲಿ ತೂಕ ಕಡಿಮೆ ಹೇಳಿದ್ರಿ ಅನ್ಸುತ್ತೆ, ಅದಕ್ಕೆ ವೇಗವಾಗಿ ಇಳಿದ್ರಿ.’ ನನ್ನ ತೂಕಕ್ಕೂ ಹಗ್ಗದ ಉದ್ದಕ್ಕೂ ಏನು ಸಂಬಂಧ? ಉತ್ತರ ಇಲ್ಲ. ಒಂದು ವಾರ ಸುಮ್ಮನಿದ್ದು ಆಮೇಲೆ: ‘ಸೌಹಾರ್ದದ ದೃಷ್ಟಿಯಿಂದ ಮುಂದಿನ ಟ್ರಿಪ್ಪಿಗೆ ನಿಮಗೆ ಅರ್ಧ ದರ.’ ಅರ್ಧ ದರ! ಕಾಲಿಗೆ ಸ್ಕ್ರೂ ಹಾಕಿಸಿಕೊಂಡು ಮಲಗಿರೋಳಿಗೆ!

ಆ ರಕ್ಷಣಾ ಶುಲ್ಕನಾದರೂ ವಾಪಸ್ ಕೊಡಿ ಅಂತ ಕೇಳಿದಾಗ ಬಂದ ಮಾತು ಇದು, ಅಕ್ಷರ ಬದಲಿಸದೆ ಹಾಕ್ತಿದ್ದೀನಿ: ‘ರಕ್ಷಣೆ ಆಯ್ತಲ್ಲ ಮೇಡಂ. ಸೇವೆ ಕೊಟ್ಟಾಗಿದೆ. ವಾಪಸ್ ಯಾಕೆ?’

ಇಲ್ಲಿ ನನಗೆ ನಿಜವಾಗಿ ಮೋಸ ಹೋದೆ ಅನ್ನಿಸಿದ್ದು. ಬಿದ್ದಾಗಲೂ ಅಷ್ಟು ಅನ್ನಿಸಿರಲಿಲ್ಲ. ತಂಡದವರಿಗೆ ಫೋನು ಮಾಡಿ ಕೇಳಿದೆ, ನಿಮಗೆ ಈ ಕಂಪನಿಯಿಂದ ಏನಾದರೂ ಬರುತ್ತಾ ಅಂತ. ಅವರು ನಕ್ಕರು. ‘ನಾವು ಯಾರ ಹತ್ರಾನೂ ದುಡ್ಡು ತಗೊಳ್ಳಲ್ಲ. ಫೋನು ಬಂದ್ರೆ ಹೋಗ್ತೀವಿ, ಅಷ್ಟೇ.’ ಅಂದ್ರೆ ಕಂಪನಿ ಮಾರ್ತಿದ್ದದ್ದು ಏನು? ಬೇರೆಯವರು ಪುಕ್ಕಟೆ ಮಾಡೋ ಕೆಲಸ. ಅದೂ ತಾವು ಒಂದು ಫೋನೂ ಮಾಡದೆ! ಆ ಇಬ್ಬರ ಸೀಟಿ ಇಲ್ಲದಿದ್ದರೆ ಅದೂ ಸಿಗ್ತಿರಲಿಲ್ಲ.

ಕಂಪನಿಯವರು ಇನ್ನೊಂದು ಬಿಟ್ಟರು: ‘ಯಾರೂ ಬಿಟ್ಟಿ ಬರಲ್ಲ ಮೇಡಂ, ನಿಮಗೆ ಪ್ರಪಂಚ ಗೊತ್ತಿಲ್ಲ.’ ಹಾಸಿಗೆ ಹಿಡಿದವಳಿಗೆ ಓದೋಕೆ ಟೈಮಿತ್ತು, ಓದಿದೆ. ಇಂಗ್ಲೆಂಡ್, ವೇಲ್ಸ್‌ನ ಬೆಟ್ಟಗಳಲ್ಲಿ ರಕ್ಷಣಾ ತಂಡಗಳವರು ಸ್ವಯಂಸೇವಕರು, ಕಾಪಾಡಿದ್ದಕ್ಕೆ ಬಿಲ್ ಕಳಿಸಲ್ಲ. ಪೋಲೆಂಡಿನ ತಾತ್ರಾ ಬೆಟ್ಟಗಳಲ್ಲಿ 1909ರಲ್ಲೇ ಸ್ವಯಂಸೇವಕರ ಪಡೆ ಕಟ್ಟಿದ್ದರು. ಅದರ ಮುಂದಾಳುಗಳಲ್ಲಿ ಒಬ್ಬ, ಕ್ಲಿಮೆಕ್ ಬಾಖ್ಲೆಡಾ ಅನ್ನೋ ಗೈಡು, ಮರುವರ್ಷ 1910ರಲ್ಲಿ ಗಾಯಗೊಂಡ ಆರೋಹಿಯೊಬ್ಬನನ್ನು ತಲುಪೋಕೆ ಹೋಗಿ ಸತ್ತ. ಅವನೂ ಗೈಡು, ಇವರೂ ಗೈಡು.

ಪ್ರಪಂಚ ಗೊತ್ತಿಲ್ಲದವರು ಯಾರು ಸ್ವಾಮಿ?

ತಂಡದವರಿಗೆ ಏನಾದರೂ ಕೊಡಬೇಕು ಅಂತ ಹಟ ಮಾಡಿದೆ. ನಗದು ಬೇಡ ಅಂದರು. ಕೊನೆಗೆ, ಬಳಸಿದ ಹಗ್ಗಗಳನ್ನು ಆಗಾಗ ಬದಲಾಯಿಸಬೇಕಾಗುತ್ತೆ, ಬೇಕಾದರೆ ಒಂದು ಹಗ್ಗ ಕೊಡಿಸಿ ಅಂದರು. ಕೊಡಿಸಿದೆ. ಉದ್ದ ಅಳೆದು ತಗೊಂಡರು, ನನ್ನ ಎದುರಿಗೇ.

ಹೋಗೋರು ಹೋಗಿ, ನಾನು ಬೇಡ ಅನ್ನಲ್ಲ. ಇಳಿಯೋ ಮುಂಚೆ ಎರಡೂ ತುದಿಗೆ ಗಂಟು ಕಣ್ಣಾರೆ ನೋಡಿ. ‘ಮುಟ್ಟಿದೆ’ ಅನ್ನೋ ಮಾತು ನಂಬಬೇಡಿ, ಕೆಳಗಿರೋನು ಎರಡೂ ತುದಿ ಕೈಯಲ್ಲಿ ಹಿಡಿದು ಕೂಗಿ ಹೇಳಲಿ. ಹಗ್ಗದ ಎರಡೂ ತುದಿ ತೋರಿಸಿ ಅನ್ನಿ. ಸುಟ್ಟ ಮುದ್ದೆ ಕಂಡರೆ ಯಾವಾಗ ಕತ್ತರಿಸಿದ್ದು, ಈಗ ಉದ್ದ ಎಷ್ಟು ಅಂತ ಕೇಳಿ. ನಿಮ್ಮದೇ ಸೀಟಿ ಇಟ್ಟುಕೊಳ್ಳಿ. ನಗೋರು ನಗಲಿ. ಆ ಜಾಗಕ್ಕೆ ಬರೋ ಸ್ವಯಂಸೇವಾ ತಂಡದ ನಂಬರ್ ನೀವೇ ಹುಡುಕಿ ಬರೆದಿಟ್ಟುಕೊಳ್ಳಿ, ಕಂಪನಿಯ ನಂಬರ್ ಅಲ್ಲ. ಬಿದ್ದವರನ್ನು ಯಾರಾದರೂ ಎಳೆಯೋಕೆ ಬಂದರೆ ಕೈಗೆ ಹೊಡೆಯಿರಿ, ನಾನು ಹೇಳಿದೆ ಅನ್ನಿ.

ಜಾಹೀರಾತಿನಿಂದ ಆ ಫೋಟೊ ತೆಗೆದುಹಾಕಿ ಅಂತ ಕಂಪನಿಗೆ ತಂಡದವರೂ ಕೇಳಿದ್ದಾರೆ, ನಾನೂ ಕೇಳಿದ್ದೀನಿ. ‘ಮುಖ ಕಾಣಲ್ಲ, ತೊಂದರೆ ಇಲ್ಲ’ ಅಂತ ಉತ್ತರ ಬಂತು. ಮೊನ್ನೆ ಗೆಳತಿಯೊಬ್ಬಳು ಅವರ ಹೊಸ ಬಿಲ್ ಕಳಿಸಿದಳು. ‘ರಕ್ಷಣಾ ವ್ಯವಸ್ಥೆ ಶುಲ್ಕ’ ಹೋಗಿದೆ, ಆ ಜಾಗದಲ್ಲಿ ‘ಸುರಕ್ಷತಾ ಸಮನ್ವಯ ಶುಲ್ಕ’ ಬಂದಿದೆ. ಮೊತ್ತ ಅಷ್ಟೇ. ಹಳೇ ಹೆಸರಿನಲ್ಲಿ ಕಟ್ಟಿದವರು ಯಾರಾದರೂ ಇದನ್ನು ಓದ್ತಿದ್ದರೆ ರಸೀದಿ ಎಸೀಬೇಡಿ, ನನಗೆ ತಿಳಿಸಿ. ದೂರು ಒಟ್ಟಿಗೆ ಕೊಡೋಣ.