ಹಳೇ ಮ್ಯಾಚ್‌ಬಾಕ್ಸ್ ಕ್ಯಾಟಲಾಗ್ ಕಟ್ಟು: ದುಡ್ಡಿಗೆ ಮೋಸ ಇಲ್ಲ, ಆದ್ರೆ ನಂಬಿ ಕಾರ್ ಕೊಳ್ಳಬೇಡಿ

ಶಿವಮೊಗ್ಗದಲ್ಲಿ ಹಳೇ ಆಟದ ಕಾರಿನ ಹುಚ್ಚು ಇರೋರು ಹೆಚ್ಚೇನಿಲ್ಲ, ಇರೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ಗಾಂಧಿ ಬಜಾರ್ ಪಕ್ಕದ ಒಂದು ಸಂದಿಯಲ್ಲಿ ಹಳೇ ಪುಸ್ತಕ, ಹಿತ್ತಾಳೆ ಸಾಮಾನು, ಕೆಟ್ಟುಹೋದ ರೇಡಿಯೋ ಎಲ್ಲಾ ಒಟ್ಟಿಗೆ ರಾಶಿ ಹಾಕ್ಕೊಂಡಿರೋ ಅಂಗಡಿ ಇದೆ, ಹೆಸರು ಬೇಡ, ಬೋರ್ಡೇ ಅರ್ಧ ಕಿತ್ತುಹೋಗಿದೆ. ಅಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಸಿಕ್ತು. ಮ್ಯಾಚ್‌ಬಾಕ್ಸ್ ಅನ್ನೋ ಇಂಗ್ಲೆಂಡಿನ ಪುಟ್ಟ ಆಟದ ಕಾರುಗಳ ಮೂರು ಪಾಕೆಟ್ ಕ್ಯಾಟಲಾಗು, ಅಲ್ಲಿನದ್ದೇ ಇನ್ನೊಂದು ಆಟದ ಕಾರಿನ ಬ್ರ್ಯಾಂಡು ಕಾರ್ಗಿಯ ಮುಖಪುಟ ಇಲ್ಲದ ಒಂದು ಕ್ಯಾಟಲಾಗು, ಜೊತೆಗೆ ಹಳೇ ಆಟದ ಕಾರು ಸಂಗ್ರಹಿಸೋರಿಗೆ ಅಂತ ಬರೆದ, ಬಣ್ಣದ ಫೋಟೋ ಇರೋ ಒಂದು ದಪ್ಪ ಕಲೆಕ್ಟರ್ ಗೈಡು. ಎಲ್ಲಾ ಸೇರಿ 1,800 ರೂಪಾಯಿ. ಬಿಡಿಬಿಡಿಯಾಗಿ ಕೊಡಲ್ಲ ಅಂತ ಹಠ, ಯಾಕಂದ್ರೆ ಗೈಡು ಒಂದೇ ಆದ್ರೆ ಯಾರೂ ತಗೊಳ್ಳಲ್ಲ ಅಂತ ಅವರಿಗೂ ಗೊತ್ತು ಅನ್ಸುತ್ತೆ.

ಮೊದ್ಲೇ ಮಾರ್ಕ್ಸ್ ಕೊಟ್ಟುಬಿಡ್ತೀನಿ. ಪಾಕೆಟ್ ಕ್ಯಾಟಲಾಗಿಗೆ ಐದಕ್ಕೆ ನಾಲ್ಕು, ಕಾರ್ಗಿದಕ್ಕೆ ಮೂರೂವರೆ, ಗೈಡಿಗೆ ಒಂದು, ಅದೂ ಬೈಂಡಿಂಗ್ ಗಟ್ಟಿ ಇದೆ ಅಂತ. ಅಂಗಡಿಯವರು ಮಾತ್ರ ಒಳ್ಳೇ ಜನ, ಎಷ್ಟು ಹೊತ್ತು ಕೂತು ಪುಟ ತಿರುವಿದ್ರೂ ಏನೂ ಅನ್ನಲ್ಲ. ಒಂದು ಕ್ಯಾಟಲಾಗಿನ ಮೇಲೆ ಬೆಲೆ 3 ಅಂತ ಬರೆದು ಪಕ್ಕದಲ್ಲಿ ಇಂಗ್ಲಿಷ್ 'ಡಿ' ಅಕ್ಷರ ಇತ್ತು. ಅದನ್ನ ತೋರಿಸಿ "ಇದು 3ಡಿ ಸರ್, ಕನ್ನಡಕ ಹಾಕ್ಕೊಂಡು ನೋಡ್ಬೇಕು, ಕನ್ನಡಕ ಎಲ್ಲೋ ಕಳ್ದೋಗಿದೆ" ಅಂದ್ರು ಮಾರಾಯ್ರೆ, ನಗು ತಡ್ಕೊಳ್ಳೋದೇ ಕಷ್ಟ ಆಯ್ತು. ಅದು ಬ್ರಿಟಿಷರ ಹಳೇ ಪೆನ್ನಿ ಗುರುತು. ಇಂಗ್ಲೆಂಡಲ್ಲಿ 1971ರ ಫೆಬ್ರವರಿಯಲ್ಲಿ ನೂರು ಪೆನ್ಸಿಗೆ ಒಂದು ಪೌಂಡ್ ಲೆಕ್ಕ ಬಂತು, ಹಾಗಾಗಿ ಈ 'ಡಿ' ಇದ್ರೆ ಕ್ಯಾಟಲಾಗು ಅದಕ್ಕಿಂತ ಮುಂಚಿನದ್ದು ಅಂತ ಧೈರ್ಯವಾಗಿ ಹೇಳಬಹುದು. ಮುಖಪುಟ ಮಸುಕಾಗಿ ವರ್ಷ ಕಾಣದೇ ಇದ್ದಾಗ ಇದು ಬಹಳ ಉಪಯೋಗಕ್ಕೆ ಬರುತ್ತೆ.

ಈಗ ವಿಷಯಕ್ಕೆ ಬರ್ತೀನಿ. ಹಳೇ ಕ್ಯಾಟಲಾಗಲ್ಲಿ ತಪ್ಪು ಇರುತ್ತೆ ಅನ್ನೋದು ಹೊಸ ಸುದ್ದಿ ಅಲ್ಲ, ಆದ್ರೆ ಯಾಕೆ ಇರುತ್ತೆ ಅಂತ ತಿಳ್ಕೊಂಡ್ರೆ ಯಾವ ತಪ್ಪನ್ನ ಕ್ಷಮಿಸಬಹುದು ಯಾವುದನ್ನ ಬಾರದು ಅಂತ ಗೊತ್ತಾಗುತ್ತೆ. ಕ್ಯಾಟಲಾಗು ಅಂದ್ರೆ ವರ್ಷದ ಶುರುವಲ್ಲೇ ಅಂಗಡಿಗಳಿಗೆ ಹೋಗಬೇಕಿದ್ದ ಮಾಲು, ಅದನ್ನ ಅಚ್ಚು ಹಾಕೋ ಹೊತ್ತಿಗೆ ಆ ವರ್ಷದ ಹೊಸ ಕಾರುಗಳು ಎಷ್ಟೋ ಸಲ ಫ್ಯಾಕ್ಟರಿಯಲ್ಲಿ ತಯಾರೇ ಆಗಿರ್ತಿರಲಿಲ್ಲ. ಕೈಯಲ್ಲಿ ಮಾಡಿದ ಮಾದರಿ ಕಾರನ್ನ ಮುಂದೆ ಇಟ್ಕೊಂಡು ಕಲಾವಿದರು ಬಣ್ಣದ ಚಿತ್ರ ಬರೆಯೋರು, ಇಲ್ಲಾ ಅದರದ್ದೇ ಫೋಟೋ ತೆಗೆದು ಹಾಕೋರು. ಆಮೇಲೆ ಫ್ಯಾಕ್ಟರಿಯಲ್ಲಿ ಬಣ್ಣ ಬದಲಾಗುತ್ತೆ, ಸೀಟಿನ ಪ್ಲಾಸ್ಟಿಕ್ ಬದಲಾಗುತ್ತೆ, ಬಾಗಿಲು ತೆಗೆಯೋ ಹಾಗೆ ಮಾಡಬೇಕು ಅಂತಿದ್ದವರು ಖರ್ಚು ನೋಡಿ ಬೇಡ ಅಂತಾರೆ, ಆದ್ರೆ ಕ್ಯಾಟಲಾಗು ಆಗ್ಲೇ ಹೋಗಿಯಾಗಿದೆ. ಅಂದ್ರೆ ಅದರಲ್ಲಿರೋದು ಕಂಪನಿ ಏನು ಮಾರಬೇಕು ಅಂದ್ಕೊಂಡಿತ್ತೋ ಅದು, ಮಾರಿದ್ದು ಬೇರೆ ಇರಬಹುದು. ಹೀಗಾಗಿ ಕ್ಯಾಟಲಾಗಲ್ಲಿ ಮಾತ್ರ ಇದ್ದು ಅಂಗಡಿಗೆ ಬರದೇ ಇದ್ದ ಬಣ್ಣಗಳೂ ಇವೆ, ಅದನ್ನೇ ಹುಡುಕ್ತಾ ಆಯುಷ್ಯ ಕಳೆಯೋರೂ ಇದ್ದಾರೆ!

ಇದು ಜಾಸ್ತಿ ಗೋಜಲಾಗಿರೋದು 1969-70ರ ಸಮಯದಲ್ಲಿ. ಅಮೆರಿಕದ ಮ್ಯಾಟೆಲ್ ಕಂಪನಿ 1968ರಲ್ಲಿ ಹಾಟ್ ವೀಲ್ಸ್ ತಂತು, ಸಪೂರ ಆಕ್ಸಲ್ಲು, ತಳ್ಳಿದ್ರೆ ಸುಯ್ಯಂತ ಓಡೋ ಚಕ್ರ, ಮಕ್ಕಳೆಲ್ಲಾ ಆ ಕಡೆ ತಿರುಗಿದ್ರು. ಮ್ಯಾಚ್‌ಬಾಕ್ಸ್ ಮಾಡ್ತಿದ್ದ ಲಂಡನ್ನಿನ ಲೆಸ್ನಿ ಕಂಪನಿ ಗಾಬರಿಯಾಗಿ 1969ರಲ್ಲಿ ಸೂಪರ್‌ಫಾಸ್ಟ್ ಅಂತ ಶುರು ಮಾಡಿ, ಇದ್ದ ಮಾಡೆಲ್ಲುಗಳಿಗೇ ಒಂದೊಂದಾಗಿ ಹೊಸ ಚಕ್ರ ಹಾಕ್ತಾ ಬಂತು. ಹಾಗಾಗಿ ಅದೇ ನಂಬರು ಅದೇ ಹೆಸರಿನ ಕಾರು ಹಳೇ ಚಕ್ರದಲ್ಲೂ ಸಿಗುತ್ತೆ ಹೊಸ ಚಕ್ರದಲ್ಲೂ ಸಿಗುತ್ತೆ. 33ನೇ ನಂಬರಿನ ಲ್ಯಾಂಬೋರ್ಗಿನಿ ಮಿಯುರಾ ಅಂಥದ್ದೇ, 1969ರಲ್ಲಿ ಮಾಮೂಲಿ ಚಕ್ರದಲ್ಲಿ ಬಂದು ಸ್ವಲ್ಪ ಸಮಯಕ್ಕೇ ಸೂಪರ್‌ಫಾಸ್ಟ್ ಆಯ್ತು. ಕ್ಯಾಟಲಾಗಲ್ಲಿ ಒಂದು ನಂಬರಿಗೆ ಒಂದೇ ಚಿತ್ರ ಇರೋದು, ಪಾಪ ಅದು ಎರಡನ್ನೂ ಹೇಗೆ ತೋರಿಸುತ್ತೆ?

ನಂಬರಿನ ಕಥೆ ಇನ್ನೊಂದು ರಗಳೆ. 1953ರಲ್ಲಿ ಶುರುವಾದ ಮ್ಯಾಚ್‌ಬಾಕ್ಸ್ ಸೀರೀಸು ಬೆಳೀತಾ ಬಂದು 75ಕ್ಕೆ ನಿಂತ್ಕೊಳ್ತು. ಒಂದು ಹಳೇ ಮಾಡೆಲ್ ನಿಲ್ಲಿಸಿದ್ರೆ ಅದರ ನಂಬರನ್ನ ಹೊಸದಕ್ಕೆ ಕೊಡ್ತಿದ್ರು. 5ನೇ ನಂಬರು ಅಂದ್ರೆ ಲಂಡನ್ನಿನ ಕೆಂಪು ಡಬಲ್ ಡೆಕ್ಕರ್ ಬಸ್ಸು, ಅದೂ ಒಂದಲ್ಲ, 1954ರಿಂದ 1965ರ ಒಳಗೆ ನಾಲ್ಕು ಬೇರೆ ಬೇರೆ ಎರಕ (ಅಂದ್ರೆ ಬೇರೆ ಬೇರೆ ಅಚ್ಚಲ್ಲಿ ಹೊಯ್ದದ್ದು), ಒಂದಕ್ಕಿಂತ ಒಂದು ದೊಡ್ಡದು. ಆಮೇಲೆ 1969ರಲ್ಲಿ ಅದೇ 5ನ್ನ ಲೋಟಸ್ ಯುರೋಪಾ ಕಾರಿಗೆ ಕೊಟ್ಟುಬಿಟ್ರು. ಈಗ ಯಾರಾದ್ರೂ "ನನ್ನ ಹತ್ರ ನಂಬರ್ 5 ಇದೆ, ಎಷ್ಟಾಗುತ್ತೆ" ಅಂತ ಕೇಳಿದ್ರೆ ಏನಂತ ಹೇಳೋದು? ಪಾಕೆಟ್ ಕ್ಯಾಟಲಾಗು ಇಲ್ಲಿ ನಿಜವಾಗ್ಲೂ ಸಹಾಯಕ್ಕೆ ಬರುತ್ತೆ, ಯಾಕಂದ್ರೆ ಬೇರೆ ಬೇರೆ ವರ್ಷದ್ದು ಪಕ್ಕಪಕ್ಕ ಇಟ್ರೆ ನಂಬರು ಯಾವಾಗ ಯಾರ ಕೈಗೆ ಹೋಯ್ತು ಅಂತ ಕಾಣುತ್ತೆ. ನನಗೆ ಈ ಕಟ್ಟು ಇಷ್ಟ ಆಗಿದ್ದು ಮುಖ್ಯವಾಗಿ ಇದಕ್ಕೇ.

ಬಣ್ಣದ ವಿಚಾರಕ್ಕೆ ಒಂದು ಭೂತಗನ್ನಡಿ ತಗೊಳ್ಳಿ, ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸ್ಕೊಳ್ತಾರಲ್ಲ ಅದಾದ್ರೆ ಇನ್ನೂ ಒಳ್ಳೇದು. ಕ್ಯಾಟಲಾಗಿನ ಚಿತ್ರ ನೋಡಿದ್ರೆ ಸಣ್ಣ ಸಣ್ಣ ಚುಕ್ಕಿ ಕಾಣುತ್ತೆ, ನೀಲಿ, ಗುಲಾಬಿ, ಹಳದಿ, ಕಪ್ಪು, ಇಷ್ಟೇ. ಈ ನಾಲ್ಕು ಇಂಕಲ್ಲಿ ಮೆಟಾಲಿಕ್ ಹೊಳಪು ತರೋಕೆ ಆಗಲ್ಲ, ಹಾಗಾಗಿ ಚಿನ್ನದ ಬಣ್ಣದ ಕಾರು ಪುಟದ ಮೇಲೆ ಸಾಸಿವೆ ಬಣ್ಣ ಆಗುತ್ತೆ, ಬೆಳ್ಳಿ ಬಣ್ಣದ್ದು ಬೂದಿ ಬಣ್ಣ ಆಗುತ್ತೆ. ಅದರ ಮೇಲೆ ಬಿಸಿಲು ಬಿದ್ರೆ ಗುಲಾಬಿ ಮತ್ತು ಹಳದಿ ಇಂಕು ಮೊದಲು ಹಾರುತ್ತೆ, ನೀಲಿ ಉಳ್ಕೊಳ್ಳುತ್ತೆ. ನನ್ನ ಕಟ್ಟಲ್ಲಿ ಮೇಲೆ ಇದ್ದ ಕ್ಯಾಟಲಾಗಿನ ಮುಖಪುಟದಲ್ಲಿ ಒಂದು ಕಾರು ತೆಳು ನೀಲಿ ಕಾಣುತ್ತೆ, ಒಳಗಿನ ಪುಟದಲ್ಲಿ ಅದೇ ಕಾರು ನೇರಳೆ! ಹಾಟ್ ವೀಲ್ಸ್‌ನ ಮೊದಮೊದಲ ಕಾರುಗಳದ್ದಂತೂ ಕೇಳೋದೇ ಬೇಡ, ಪಾಲಿಶ್ ಮಾಡಿದ ಲೋಹದ ಮೇಲೆ ಪಾರದರ್ಶಕ ಬಣ್ಣ ಹೊಡೆದದ್ದು, ಒಂದೇ ಮಾಡೆಲ್ಲು ಎಷ್ಟೋ ಬಣ್ಣದಲ್ಲಿ ಬಂದಿದೆ. ಚಿತ್ರದಲ್ಲಿ ಕೆಂಪು ಇದೆ, ಹಾಗಾಗಿ ಇದು ಕೆಂಪಲ್ಲಿ ಮಾತ್ರ ಬಂದಿದ್ದು ಅಂತ ವಾದ ಮಾಡೋರಿಗೆ ಏನೂ ಹೇಳಕ್ಕಾಗಲ್ಲ.

ಇನ್ನು ಕೆಲವು ತಪ್ಪು ಥರ ಕಾಣುತ್ತೆ ಆದ್ರೆ ತಪ್ಪಲ್ಲ. ಕಾರ್ಗಿ ಕ್ಯಾಟಲಾಗು ನೋಡಿದ ನನ್ನ ಗೆಳೆಯ, ಜೇಮ್ಸ್ ಬಾಂಡ್ ಸಿನಿಮಾದ ಕಾರು ಬೆಳ್ಳಿ ಬಣ್ಣದ್ದಲ್ವಾ, ಇದರಲ್ಲಿ ಚಿನ್ನದ ಬಣ್ಣ ಹಾಕಿದಾರೆ ನೋಡು ಪ್ರಿಂಟಿಂಗ್ ಮಿಸ್ಟೇಕು ಅಂದ. ಅಲ್ಲ ಮಾರಾಯ. ಕಾರ್ಗಿಯವರು 1965ರಲ್ಲಿ ಆಸ್ಟನ್ ಮಾರ್ಟಿನ್ ಡಿಬಿ5ನ್ನ 261ನೇ ನಂಬರಲ್ಲಿ ತಂದಾಗ ಬೇಕಂತಲೇ ಚಿನ್ನದ ಬಣ್ಣ ಹೊಡೆದಿದ್ದು, ಬೆಳ್ಳಿ ಬಣ್ಣ ಹಾಕಿದ್ರೆ ಬಣ್ಣವೇ ಹಾಕದ ಬರೀ ಲೋಹದ ಕಾರಿನ ಥರ ಕಾಣುತ್ತೆ ಅಂತ. ಬೆಳ್ಳಿದು 270ನೇ ನಂಬರಾಗಿ 1968ರಲ್ಲಿ ಬಂತು. ಅದರಲ್ಲೂ ಸೀಟು ಹಾರುತ್ತೆ, ಹಿಂದೆ ಗುಂಡು ತಡೆಯೋ ತಗಡು ಏಳುತ್ತೆ, ಸಾಲದ್ದಕ್ಕೆ ಪಕ್ಕದ ಗಾಡಿಯ ಟೈರು ಸೀಳೋ ಚಕ್ರದ ಕತ್ತಿ ಬೇರೆ ಕೊಟ್ಟಿದ್ರು.

ಈಗ ಆ ಗೈಡು. ಕ್ಯಾಟಲಾಗು ಮಾಡಿದೋರಿಗೆ ಮುಂದೆ ಏನಾಗುತ್ತೆ ಅಂತ ಗೊತ್ತಿರಲಿಲ್ಲ ಸರಿ, ಇವರಿಗೆ ಎಲ್ಲಾ ಮುಗಿದ ಮೇಲೆ ಬರೆಯೋ ಅವಕಾಶ ಇತ್ತಲ್ಲ, ಆದ್ರೂ ಹಳೇ ಕ್ಯಾಟಲಾಗಿನ ತಪ್ಪನ್ನೆಲ್ಲಾ ಹಾಗೇ ಇಳಿಸಿ ಮೇಲೆ ತಮ್ಮದೂ ಒಂದಷ್ಟು ಸೇರಿಸಿದಾರೆ. ಒಂದು ಫೋಟೋದಲ್ಲಿ ಆ ಡಬಲ್ ಡೆಕ್ಕರ್ ಬಸ್ಸೇ ಇದೆ, ನೋಡ್ತಿದ್ದ ಹಾಗೇ ಏನೋ ಸರಿ ಇಲ್ಲ ಅನ್ನಿಸ್ತು. ಹತ್ತೋ ಜಾಗ ಬಸ್ಸಿನ ಬಲಗಡೆ ಇದೆ! ಇಂಗ್ಲೆಂಡಲ್ಲೂ ನಮ್ಮ ಹಾಗೇ ಎಡಗಡೆ ಗಾಡಿ ಓಡೋದು, ಶಿವಮೊಗ್ಗ-ಸಾಗರ ಬಸ್ಸಿಗೆ ರಸ್ತೆ ಮಧ್ಯದಿಂದ ಯಾರಾದ್ರೂ ಹತ್ತುತ್ತಾರಾ? ಪ್ರಿಂಟ್ ಮಾಡುವಾಗ ನೆಗೆಟಿವ್ ಉಲ್ಟಾ ಇಟ್ಟಿದಾರೆ ಅಷ್ಟೇ. ಬಸ್ಸಿನ ಪಕ್ಕದ ಜಾಹೀರಾತಿನ ಅಕ್ಷರವೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದೆ. ಇದು ಹೋಗ್ಲಿ ಅನ್ನಬಹುದಿತ್ತು, ಆದ್ರೆ ಫೋಟೋ ಕೆಳಗೆ "ಅಪರೂಪದ ವೇರಿಯೇಶನ್" ಅಂತ ಬರೆದು ಬೆಲೆ ಎರಡು ಪಟ್ಟು ಹಾಕಿದಾರಲ್ಲ, ಅದಕ್ಕೆ ಏನನ್ನೋದು!

ವರ್ಷದ ವಿಚಾರದಲ್ಲೂ ಹಾಗೇ. ಹಾಟ್ ವೀಲ್ಸ್ ಬುಡದಲ್ಲಿ ಇರೋ ವರ್ಷ ಆ ಡಿಸೈನಿನ ಕಾಪಿರೈಟ್ ವರ್ಷ, ಕಾರು ತಯಾರಾದ ವರ್ಷ ಅಲ್ಲ, ಒಂದು ಎರಕವನ್ನ ಹತ್ತಿಪ್ಪತ್ತು ವರ್ಷ ಓಡಿಸ್ತಾರೆ, ಬುಡದ ವರ್ಷ ಹಾಗೇ ಇರುತ್ತೆ. ಗೈಡಲ್ಲಿ ಅದನ್ನೇ ತಯಾರಿಕೆ ವರ್ಷ ಅಂತ ಪಟ್ಟಿ ಮಾಡಿದಾರೆ. ಲೆಸ್ನಿ ಕಂಪನಿ 1982ರಲ್ಲೇ ದಿವಾಳಿಯಾಗಿ ಹಾಂಕಾಂಗಿನ ಯೂನಿವರ್ಸಲ್ ಕೈಗೆ ಹೋಗಿತ್ತು, ಗೈಡಿನ ಪ್ರಕಾರ ಪಾಪ ಅದು ಇನ್ನೂ ಲಂಡನ್ನಲ್ಲಿ ಕಾರು ಮಾಡ್ತಾನೇ ಇದೆ. ಕಂಪನಿ ಕಟ್ಟಿದ ಲೆಸ್ಲಿ ಸ್ಮಿತ್ ಮತ್ತು ರಾಡ್ನಿ ಸ್ಮಿತ್ ಇಬ್ಬರನ್ನೂ ಅಣ್ಣತಮ್ಮ ಮಾಡಿಬಿಟ್ಟಿದಾರೆ, ಅವರು ಬರೀ ಸ್ನೇಹಿತರು, ಮನೆತನದ ಹೆಸರು ಒಂದೇ ಅಷ್ಟೇ. ಎಲ್ಲಾ ಮಾಡೆಲ್ಲಿಗೂ ಸ್ಕೇಲು 1:64 (ಅಂದ್ರೆ ಅಸಲಿ ಗಾಡಿಯ 64ರಲ್ಲಿ ಒಂದು ಪಾಲು) ಅಂತ ಹಾಕಿರೋದು ಇನ್ನೊಂದು ಸೋಮಾರಿತನ, ಹಳೇ ಮ್ಯಾಚ್‌ಬಾಕ್ಸಲ್ಲಿ ಬಸ್ಸೂ ಬೆಂಕಿಪೊಟ್ಟಣದಂಥ ಪೆಟ್ಟಿಗೆಯಲ್ಲೇ ಕೂರಬೇಕು, ಕಾರೂ ಅದರಲ್ಲೇ ಕೂರಬೇಕು, ಆಮೇಲೆ ಸ್ಕೇಲು ಒಂದೇ ಹೇಗಿರುತ್ತೆ?

ನನಗೆ ನಿಜವಾಗ್ಲೂ ಸಿಟ್ಟು ಬಂದಿದ್ದು ನಮ್ಮ ದೇಶದ ಕಾರುಗಳ ಬಗ್ಗೆ. ಡಿಂಕಿ ಅನ್ನೋ ಇಂಗ್ಲೆಂಡಿನ ಆಟದ ಕಾರಿನ ಕಂಪನಿಯ ಅಚ್ಚುಗಳು ಕಲ್ಕತ್ತೆಗೆ ಬಂದು ಅಲ್ಲಿ ನಿಕ್ಕಿ ಟಾಯ್ಸ್ ಅನ್ನೋ ಹೆಸರಲ್ಲಿ ಕಾರು ತಯಾರಾಗಿತ್ತು. ಎಂಬತ್ತರ ದಶಕದಲ್ಲಿ ವಿಐಪಿ ಸೂಟ್‌ಕೇಸ್ ಗುಂಪಿನ ಬ್ಲೋ ಪ್ಲಾಸ್ಟ್‌ನವರು ಲಿಯೋ ಮ್ಯಾಟೆಲ್ ಹೆಸರಲ್ಲಿ ಹಾಟ್ ವೀಲ್ಸನ್ನ ಇಲ್ಲೇ ಮಾಡಿ ಮಾರ್ತಿದ್ರು. ಬಣ್ಣ ಒರಟು, ಸ್ಟಿಕ್ಕರ್ ಅಡ್ಡಾದಿಡ್ಡಿ, ಎಲ್ಲಾ ಒಪ್ಪಿದೆ, ಆದ್ರೆ ಅದೇ ಕಾರಣಕ್ಕೆ ಹೊರದೇಶದ ಕಲೆಕ್ಟರುಗಳು ಇವತ್ತು ಅದನ್ನ ಹುಡುಕ್ತಾರೆ. ಈ ಗೈಡಲ್ಲಿ ನಿಕ್ಕಿ ಇರೋದು ಒಂದೇ ಸಾಲು, "ಭಾರತದ ನಕಲಿಗಳು" ಅಂತ. ನಕಲಿ ಎಂತದ್ದು, ಅಚ್ಚೇ ಅಸಲಿ! ತೀರ್ಥಹಳ್ಳಿ, ಕೊಪ್ಪ ಕಡೆ ಹಳೇ ಮನೆ ಅಟ್ಟದಲ್ಲಿ ಅಡಿಕೆ ಚೀಲದ ಹಿಂದೆ ಹೊಗೆ ಹಿಡಿದು ಬಿದ್ದಿರೋ ಕಾರಿನ ಬುಡದಲ್ಲಿ ಇಂಡಿಯಾ ಅಂತ ಕಂಡ್ರೆ ಗುಜರಿಗೆ ಹಾಕೋ ಮುಂಚೆ ಒಂದ್ಸಲ ಯೋಚನೆ ಮಾಡಿ.

ಈ ತಪ್ಪುಗಳಿಂದ ನಷ್ಟ ಯಾರಿಗೆ ಅಂದ್ರೆ ಕೊಳ್ಳೋರಿಗೆ. ಹಳೇ ಕಾರು ಮಾರೋರು ಚಿತ್ರ ತೋರಿಸಿ "ಕ್ಯಾಟಲಾಗಲ್ಲೇ ಇದೆ ನೋಡಿ ಸರ್, ಈ ಕಲರ್ ಸಿಗೋದೇ ಇಲ್ಲ" ಅಂತಾರೆ, ಯಾರೋ ಮನೆಯಲ್ಲಿ ಚಿತ್ರ ನೋಡ್ಕೊಂಡು ಅದೇ ಬಣ್ಣ ಹೊಡೆದಿರ್ತಾರೆ. ಬಾಗಿಲು ತೆಗೆಯೋ ಕಾರಾದ್ರೆ ತೆಗೆದು ಒಳಗಿನ ಅಂಚು ನೋಡಿ, ಬಿಸಿಲಿಗೆ ಮಾಸಿದ ಕಾರಾದ್ರೆ ಅಲ್ಲಿ ಹಳೇ ಬಣ್ಣ ಹಾಗೇ ಇರುತ್ತೆ, ಹೊಸದಾಗಿ ಹೊಡೆದದ್ದಾದ್ರೆ ಮೂಲೆಯಲ್ಲಿ ಬಣ್ಣ ದಪ್ಪಗೆ ಗಂಟು ಕಟ್ಟಿರುತ್ತೆ. ಬುಡದ ರಿವೆಟ್ ಕೊರೆದು ತೆಗೆದ ಗುರುತು ಇದೆಯಾ ನೋಡಿ. ಮನೆಯಲ್ಲಿ ಬಣ್ಣ ಬದಲಾಯಿಸಿದ್ದಕ್ಕೆ ಕಲೆಕ್ಟರುಗಳು ಕೋಡ್ 3 ಅಂತಾರೆ, ಫ್ಯಾಕ್ಟರಿಯಿಂದ ಬಂದ ಹಾಗೇ ಇರೋದು ಕೋಡ್ 1. ಕೋಡ್ 3 ಅಂತ ಹೇಳಿ ಮಾರಿದ್ರೆ ತಪ್ಪೇನಿಲ್ಲ, ಹೇಳದೇ ಮಾರಿದ್ರೆ ಮೋಸ.

ಅಂಗಡಿಗೆ ಹೋಗೋರು ಗೈಡು ಬಿಟ್ಟು ಬರೀ ಪಾಕೆಟ್ ಕ್ಯಾಟಲಾಗು ಕೇಳಿ, ಇನ್ನೊಂದು ಕಟ್ಟು ಒಳಗೆ ಇದೆ ಅಂತಿದ್ರು, ಒಂದೊಂದಕ್ಕೆ ನಾನೂರು ಅಂದ್ರೆ ಕೊಡಬಹುದು. ತಗೊಳ್ಳೋ ಮುಂಚೆ ಮಧ್ಯದ ಪುಟ ಇದೆಯಾ ನೋಡಿ, ಪಿನ್ ತುಕ್ಕು ಹಿಡಿದು ಅದೇ ಮೊದಲು ಬಿದ್ದುಹೋಗೋದು, ನನ್ನದರಲ್ಲಿ ಒಂದರಲ್ಲಿ ಇಲ್ಲ. ನಮ್ಮ ಮಳೆಗಾಲದಲ್ಲಿ ಹೊಳಪಿನ ಕಾಗದ ಒಂದಕ್ಕೊಂದು ಅಂಟ್ಕೊಂಡ್ರೆ ಬಿಡಿಸೋಕಾಗಲ್ಲ, ಪುಟದ ಮಧ್ಯ ಬಿಳಿ ಹಾಳೆ ಇಟ್ಟು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಜೂನಿಂದ ಸೆಪ್ಟೆಂಬರ್ ತನಕ ಆಗಾಗ ಜೆಲ್ ಬದಲಾಯಿಸ್ತಾ ಇರಿ. ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ, ಅಂಗಡಿಯವರ ಮಗ ಮಾಡಿಸ್ಕೊಡ್ಲಾ ಅಂತ ಕೇಳ್ತಾನೆ, ಬೇಡ ಅನ್ನಿ.